ಅರಳುಮರಳು ಮತ್ತು ಯಂತ್ರದ ಬುದ್ಧಿ

(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಅರವತ್ತಕ್ಕೆ ಅರಳುಮರಳು ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಬಾಯಲ್ಲೇ ಅಂಗಡಿಯ ಲೆಕ್ಕ ಹಾಕುತ್ತಿದ್ದ ಹಿರಿಯರು ಚಿಲ್ಲರೆ ತಪ್ಪಿ ಕೊಡತೊಡಗಿದರೆ ನಾವು ಗದರುತ್ತೇವೆ. ಮಿಲ್ಲಿನಿಂದ ನಿವೃತ್ತರಾದವರು ನಸುಕಿನಲ್ಲೆದ್ದು ಪಾಳಿಗೆ ಹೊತ್ತಾಯಿತೆಂದು ಹೊರಟರೆ ನಗುತ್ತೇವೆ. ವಯಸ್ಸಾಯಿತಲ್ಲ ಎಂದು ಸುಮ್ಮನಾಗುತ್ತೇವೆ. ಆದರೆ ಇದು ವಯಸ್ಸಿನ ಗುಣವಲ್ಲ, ರೋಗ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದರ ಮುಖ್ಯ ಬಗೆಯೊಂದನ್ನು 1906ರಲ್ಲಿ ಲೋಕಕ್ಕೆ ತಿಳಿಸಿದವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್. ಅವರು ಕಂಡ ಆ ರೋಗಿ ಒಬ್ಬ ರೈಲ್ವೆ ಗುಮಾಸ್ತನ ಹೆಂಡತಿ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ. ಹೆಂಗಸರಲ್ಲಿ, ಹಳ್ಳಿಗರಲ್ಲಿ, ಓದು ದಕ್ಕದವರಲ್ಲಿ ಅದು ಹೆಚ್ಚು.

ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಈ ರೋಗವನ್ನು ಬೇಗ ಗುರುತಿಸುತ್ತವೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತಿದೆ. ಅದು ಪೂರ್ತಿ ಪೊಳ್ಳಲ್ಲ. ಸಾವಿರಾರು ಮೆದುಳುಗಳ ಸ್ಕ್ಯಾನ್ ಚಿತ್ರಗಳನ್ನು ಕಲಿತ ಯಂತ್ರವು, ನೆನಪಿಗೆ ಸಂಬಂಧಿಸಿದ ಭಾಗ ಎಷ್ಟು ಕುಗ್ಗಿದೆ ಎಂಬುದನ್ನು ಕ್ಷಣದಲ್ಲಿ ಅಳೆಯಬಲ್ಲದು. ಮಾತಿನ ನಡುವಿನ ತಡವರಿಕೆಯನ್ನೂ ಸಿಗದ ಪದಗಳನ್ನೂ ಎಣಿಸಬಲ್ಲದು. ವೈದ್ಯರಿಗೆ ಅದೊಂದು ಒಳ್ಳೆಯ ಸಲಕರಣೆ. ನಾವು ಸಮಾಜವಾದಿಗಳು ಯಂತ್ರದ ವೈರಿಗಳಲ್ಲ. ಯಂತ್ರ ಯಾರನ್ನು ನೋಡಿ ಕಲಿಯಿತು, ಯಾರ ಕೈಯಲ್ಲಿದೆ ಎಂದು ಕೇಳುವವರು.

ಯಾರನ್ನು ನೋಡಿ ಕಲಿಯಿತು? ಮಾತಿನಿಂದ ರೋಗ ಹಿಡಿಯುವ ಸಂಶೋಧನೆಯಲ್ಲಿ ಬಹುವಾಗಿ ಬಳಕೆಯಾದದ್ದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1980ರ ದಶಕದಲ್ಲಿ ಸಂಗ್ರಹಿಸಿದ ಧ್ವನಿಗಳು. ರೋಗಿಗೆ ಒಂದು ಚಿತ್ರ ತೋರಿಸಿ ವರ್ಣಿಸಲು ಹೇಳುತ್ತಾರೆ. ಅದು ಅಮೆರಿಕದ ಅಡಿಗೆಮನೆ. ಹುಡುಗ ಸ್ಟೂಲು ಹತ್ತಿ ಡಬ್ಬಿಯಿಂದ ಬಿಸ್ಕತ್ತು ಕದಿಯುತ್ತಿದ್ದಾನೆ, ತಾಯಿ ತಟ್ಟೆ ಒರೆಸುತ್ತಿದ್ದಾಳೆ, ಸಿಂಕಿನ ನೀರು ನೆಲಕ್ಕೆ ಹರಿಯುತ್ತಿದೆ. ಒರಳು ತಿರುವಿ, ಬಾವಿಯ ನೀರು ಸೇದಿ ಬಾಳಿದ ನಮ್ಮ ತಾಯಂದಿರು ಆ ಚಿತ್ರದ ಮುಂದೆ ತಡವರಿಸಿದರೆ ಅದು ಮರೆವೋ, ಅಪರಿಚಿತ ಲೋಕವೋ? ಓದು ಬರಹ ಬಾರದವರು ಕಾಗದದ ಪರೀಕ್ಷೆಯಲ್ಲಿ ಸೋಲುವರೆಂದೇ ನಮ್ಮ ದೇಶದ ವೈದ್ಯರು 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಹಿಂದಿ ಮಾತಿನವರಿಗಾಗಿ ಬೇರೆ ಪರೀಕ್ಷೆಯನ್ನೇ ರೂಪಿಸಬೇಕಾಯಿತು. ಯಂತ್ರಕ್ಕೂ ಇದೇ ಪಾಠ ಬೇಕು.

ಇನ್ನೊಂದು ಮಾತು ಮಿಲ್ಲಿನವರಿಗೆ. ಮಗ್ಗದ ಸದ್ದಿನಲ್ಲಿ ಆಯುಷ್ಯ ಕಳೆದವರ ಕಿವಿ ಮಂದವಾಗುತ್ತದೆ. ಲ್ಯಾನ್ಸೆಟ್ ಆಯೋಗವು 2024ರಲ್ಲಿ ಈ ರೋಗಕ್ಕೆ ದಾರಿಮಾಡುವ, ತಡೆಯಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ಕಿವುಡು, ರಕ್ತದೊತ್ತಡ, ಬಾಲ್ಯದಲ್ಲಿ ಶಾಲೆ ಸಿಗದಿರುವುದು, ಕೆಟ್ಟ ಗಾಳಿ ಅವುಗಳಲ್ಲಿ ಸೇರಿವೆ. ಕಿವಿ ಕಾಪಾಡುವ ಸಾಧನವನ್ನು ಮಾಲೀಕನಿಂದ ಪಡೆಯುವ ಹೋರಾಟವೂ ಮೆದುಳನ್ನು ಉಳಿಸುವ ಹೋರಾಟವೇ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರುವುದುಂಟು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಮದ್ದಿಗೆ ಬಗ್ಗುತ್ತದೆ. ಯಂತ್ರ ಬರುವವರೆಗೆ ಕಾಯಬೇಡಿ. ಮನೆಯ ಹಿರಿಯರನ್ನು ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಆರೈಕೆಗೂ ಯಂತ್ರ ಬಂದಿದೆ. ಮದ್ದಿನ ಹೊತ್ತನ್ನು ಮೊಬೈಲು ನೆನಪಿಸುತ್ತದೆ. ಕೈಗೆ ಕಟ್ಟಿದ ಪಟ್ಟಿ ದಾರಿ ತಪ್ಪಿದವರ ಜಾಗ ತೋರಿಸುತ್ತದೆ. ಆದರೆ ನಡುರಾತ್ರಿ ಅಜ್ಜ ಬಾಗಿಲು ತೆಗೆದರೆಂದು ಯಂತ್ರ ಕೂಗಿದರೆ ಏಳಬೇಕಾದವರು ಯಾರು? ಹಗಲೆಲ್ಲ ದುಡಿದ ಸೊಸೆ, ಮಗಳು, ಹೆಂಡತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಈ ರೋಗಿಗಳ ಆರೈಕೆಯ ಹೊತ್ತಿನಲ್ಲಿ ನೂರಕ್ಕೆ 70 ಪಾಲು ಹೆಂಗಸರದು. ಅದಕ್ಕಾಗಿ ಅವರು ಕಳೆದುಕೊಂಡ ಕೂಲಿಯನ್ನು ಯಾವ ಖಾತೆಯಲ್ಲೂ ಬರೆದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಎಪ್ಪತ್ತು ದಾಟಿದವರಿಗೆ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ವಿಸ್ತರಿಸಿತು. ಅದು ಆಸ್ಪತ್ರೆಯ ಹಾಸಿಗೆಗೆ. ಈ ರೋಗವೋ, ವರ್ಷಗಟ್ಟಲೆ ಮನೆಯ ಚಾಪೆಯ ಮೇಲೆ ಕಳೆಯುವಂಥದು.

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಕಡೆ ಆರಂಭಿಸಿದ ಮೆದುಳು ಆರೋಗ್ಯದ ಸೇವೆ ತಾಲ್ಲೂಕಿನವರೆಗೂ ಬರಲಿ. ಎರಡು, ಯಂತ್ರವು ಕನ್ನಡವನ್ನೂ, ಕನ್ನಡದ ಎಲ್ಲ ಸೀಮೆಗಳ ಮಾತನ್ನೂ ಕಲಿಯಲಿ. ಅದರ ತೀರ್ಪಿಗೆ ವೈದ್ಯರ ಒಪ್ಪಿಗೆಯಿರಲಿ. ಮೂರು, ನಮ್ಮ ಹಿರಿಯರ ಸ್ಕ್ಯಾನು, ಧ್ವನಿಗಳು ಖಾಸಗಿ ಕಂಪನಿಯ ಸರಕಾಗದಿರಲಿ. ಮಾಲೀಕನಿಗಾಗಲಿ, ಸಾಲ ಕೊಡುವವನಿಗಾಗಲಿ ಸಿಗದಿರಲಿ. ನಾಲ್ಕು, ಮನೆಯಲ್ಲಿ ಆರೈಕೆ ಮಾಡುವವರಿಗೆ ಭತ್ಯೆ, ಆಶಾ ಕಾರ್ಯಕರ್ತೆಯರಿಗೆ ಈ ಕೆಲಸದ ತರಬೇತಿ, ಗೌರವಧನದ ಬದಲು ಸರಿಯಾದ ಸಂಬಳ ಸಿಗಲಿ.

ಈ ಊರನ್ನು ಕಟ್ಟಿದವರು ಇಂದು ತಮ್ಮ ಬೀದಿಯನ್ನೇ ಮರೆತಿದ್ದಾರೆ. ಅವರು ಮರೆತರೆ ಅದು ರೋಗ. ನಾವು ಅವರನ್ನು ಮರೆತರೆ ಅದು ಅನ್ಯಾಯ. ಈ ಬೇಡಿಕೆಗಳ ಮನವಿಗೆ ಸಭೆ ಮುಗಿದ ಮೇಲೆ ಎಲ್ಲರೂ ಸಹಿ ಹಾಕಿ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ.