ಜೇಕನ್ನು ಗುರುತಿಸಿರಿ



ಕಮಲಾಪುರದ ಕೆಂಪು ಬಾಳೆ ಹೆಸರಾದ ಹಣ್ಣು. ಆ ಬಾಳೆಗೆ ನೀವು ಕೊಟ್ಟ ಗೊಬ್ಬರವನ್ನೂ ನೀರನ್ನೂ ಕದಿಯುವ ಕಸ ಒಂದುಂಟು. ಅದೇ ಜೇಕು. ಕೆಲವರು ತುಂಗೆ ಹುಲ್ಲು ಎನ್ನುತ್ತಾರೆ. ಭದ್ರಮುಷ್ಟಿಯೆಂದು ಔಷಧಕ್ಕೆ ಮಾರುವುದು ಇದರ ಗಡ್ಡೆಯನ್ನೇ. ಪ್ರಪಂಚದ ಸುಮಾರು 90 ದೇಶಗಳಲ್ಲಿ ರೈತರಿಗೆ ಇದರ ಕಾಟವಿದೆ.

"ಕಸ ಅಂದ್ರ ಕಸ, ಕಿತ್ತರಾತು. ಗುರುತು ಯಾಕ ಬೇಕ್ರಿ?" ಎಂದು ನೀವು ಕೇಳಬಹುದು. ಬೇಕು. ಎಷ್ಟೋ ಕಸ ಕಿತ್ತರೆ ಸಾಯುತ್ತದೆ. ಜೇಕನ್ನು ಮೇಲೆ ಮೇಲೆ ಕಿತ್ತರೆ ವಾರದೊಳಗೆ ಮತ್ತೆ ಚಿಗುರುತ್ತದೆ, ಆಳಿನ ಕೂಲಿ ದಂಡ.

ಹೂವಿನ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿರಿ. ಕರಿಕೆಯ ದಂಟು ದುಂಡಗಿದ್ದು ನಡುನಡುವೆ ಗೆಣ್ಣಿರುತ್ತದೆ. ಜೇಕಿನ ದಂಟಿಗೆ ಮೂರು ಏಣು, ಗೆಣ್ಣಿಲ್ಲ. ಎಲೆಗಳು ಬುಡದಿಂದಲೇ ಮೂರು ಸಾಲಾಗಿ ಏಳುತ್ತವೆ. ತೆನೆಯ ಬಣ್ಣ ಕೆಂಪು ಮಿಶ್ರಿತ ಕಂದು. ಇನ್ನೂ ಅನುಮಾನವಿದ್ದರೆ ಕುರ್ಪಿಯಿಂದ ಅಗೆಯಿರಿ. ಸರ ಪೋಣಿಸಿದಂತೆ ಕಪ್ಪು ಗಡ್ಡೆಗಳು ಸಿಗುತ್ತವೆ. ಒಡೆದರೆ ಒಳಗೆ ಬಿಳುಪು, ಘಮ್ಮೆನ್ನುವ ವಾಸನೆ.

ಜೇಕು ಹಬ್ಬುವುದು ಬೀಜಕ್ಕಿಂತ ಹೆಚ್ಚಾಗಿ ಗಡ್ಡೆಯಿಂದ. ಸರ ತುಂಡಾದರೆ ಒಂದೊಂದು ಗಡ್ಡೆಯೂ ಬೇರೆ ಗಿಡವಾಗುತ್ತದೆ. ಹಸಿ ಮಣ್ಣಿನಲ್ಲಿ ಒಮ್ಮೆ ಕುಂಟೆ ಹೊಡೆದು ಸುಮ್ಮನಾದರೆ ಕಸ ಹೆಚ್ಚುವುದು ಇದೇ ಕಾರಣದಿಂದ. ಗೈರಾಣದಲ್ಲಿಯೂ ಹೀಗೆಯೇ. ಬಲಿತ ಜೇಕನ್ನು ದನ ಬಿಟ್ಟು ಒಳ್ಳೆಯ ಹುಲ್ಲನ್ನು ಮೇಯುತ್ತವೆ. ಬರಿದಾದ ಜಾಗಕ್ಕೆ ಜೇಕು ನುಗ್ಗುತ್ತದೆ.

ಇನ್ನು ಉಪಾಯ. ಖಾಲಿ ಹೊಲವನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ಆಳವಾಗಿ ಉತ್ತು ಗಡ್ಡೆಗಳನ್ನು ಒಣಗಲು ಬಿಡಿರಿ. ಆಯ್ದ ಗಡ್ಡೆಗಳನ್ನು ಒಣಗಿಸಿ ಸುಡಿರಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಸಂಗಡ ತಿರುಗಿ ಹೊಲಕ್ಕೆ ಬರುತ್ತವೆ. ನಿಂತ ತೋಟದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಹೊಸ ಗಡ್ಡೆ ಕಟ್ಟುವ ಮೊದಲೇ, ಬುಡಸಹಿತ ಅಗೆದು ತೆಗೆಯಿರಿ. ಜೇಕಿಗೆ ನೆರಳು ಆಗದು. ಆದಕಾರಣ ಎಳೆ ಬಾಳೆಯ ಸಾಲುಗಳ ನಡುವೆ ಅಲಸಂದಿ ಇಲ್ಲವೆ ಸೆಣಬು ದಟ್ಟವಾಗಿ ಬಿತ್ತಿರಿ.

ಎಲ್ಲಕ್ಕಿಂತ ಮುಖ್ಯವಾದುದು, ಕಸವನ್ನು ನಾವೇ ಹೊತ್ತು ತರಬಾರದು. ಬೇರೆಯವರ ತೋಟದಿಂದ ಬಾಳೆ ಕಂದು ತಂದರೆ ಮಣ್ಣು ತೊಳೆದು, ಬೇರು ಸವರಿ ನೆಡಿರಿ. ಕಲಬುರಗಿಯಲ್ಲಿ ಮನೆಯ ಹಿತ್ತಲಿಗೆ ಹೂವಿನ ಕುಂಡ ಕೊಳ್ಳುವ ತಾಯಂದಿರೂ ಅದರ ಮಣ್ಣನ್ನು ಕೆದಕಿ ನೋಡಿರಿ.

ಕಳೆನಾಶಕ ಹೊಡೆಯುವ ವಿಚಾರವಿದ್ದರೆ ಗಡ್ಡೆಸಹಿತ ಒಂದು ಗಿಡವನ್ನು ರೈತ ಸಂಪರ್ಕ ಕೇಂದ್ರಕ್ಕಾಗಲಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ತೋರಿಸಿರಿ. ಎಲೆ ಮಾತ್ರ ಸುಟ್ಟು ಗಡ್ಡೆ ಉಳಿಸುವ ಔಷಧಕ್ಕೆ ಹಣ ಸುರಿಯಬೇಡಿರಿ.

ನಾಳೆ ತೋಟಕ್ಕೆ ಹೋದಾಗ ಒಂದು ದಂಟು ಹೊರಳಿಸಿ ನೋಡುವಿರಷ್ಟೆ?