ನಮ್ಮ ನಗೆ ಯಾರ ಮೇಲೆ?

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)

ಗೇಲಿ ನಮಗೆ ಹೊಸದಲ್ಲ. ಜಾಬರನ ನಡಿಗೆಯನ್ನೂ ಸಾಹುಕಾರರ ಕೆಮ್ಮನ್ನೂ ಅಣಕಿಸಿ ನಕ್ಕವರೇ ನಾವೆಲ್ಲ. ಆದರೆ ಕೆಮ್ಮನ್ನು ಅಣಕಿಸಿದರೆ ಸಾಹುಕಾರರ ಲೆಕ್ಕದ ಪುಸ್ತಕಕ್ಕೆ ಏನೂ ಆಗದು. ಆ ಪುಸ್ತಕವನ್ನೇ ನಗೆಗೀಡು ಮಾಡುವುದು ವಿಡಂಬನೆ.

1728ರಲ್ಲಿ ಲಂಡನ್ನಿನಲ್ಲಿ ಜಾನ್ ಗೇ ಎಂಬ ಕವಿ ‘ಬೆಗ್ಗರ್ಸ್ ಆಪೆರಾ’ ಎಂಬ ಸಂಗೀತ ನಾಟಕ ಆಡಿಸಿದ. ತೆರೆ ಎದ್ದಾಗ ಪೀಚಮ್ ಎಂಬವನು ಲೆಕ್ಕದ ಪುಸ್ತಕದ ಮುಂದೆ ಕುಳಿತಿದ್ದಾನೆ. ಅವನ ವ್ಯಾಪಾರ ಕಳವಿನ ಮಾಲಿನದು. ಕಳ್ಳ ದುಡಿಯುವವರೆಗೆ ಅವನಿಗೆ ರಕ್ಷಣೆ. ದುಡಿಮೆ ಇಳಿಯಿತೋ, ಅವನನ್ನು ಗಲ್ಲಿಗೆ ಒಪ್ಪಿಸಿ ಸರ್ಕಾರದ 40 ಪೌಂಡ್ ಇನಾಮು ಪಡೆಯುವುದು. ಎಲ್ಲವೂ ಮರ್ಯಾದಸ್ಥ ವರ್ತಕನ ಗಾಂಭೀರ್ಯದಿಂದಲೇ! ಪೆಟ್ಟು ಪ್ರಧಾನಿ ವಾಲ್ಪೋಲನಿಗೆ ಎಂಬುದು ಜನಕ್ಕೆ ತಿಳಿಯಿತು. ಶ್ರೀಮಂತರು ಇಟಲಿಯ ಆಪೆರಾಕ್ಕೆ ತಲೆದೂಗುತ್ತಿದ್ದ ಕಾಲದಲ್ಲಿ ಗೇ ತನ್ನ ಹಾಡುಗಳಿಗೆ ಬೀದಿಯ ಧಾಟಿಗಳನ್ನೇ ಹಿಡಿದ. ಆ ಋತುವಿನಲ್ಲೇ ನಾಟಕ 62 ಸಲ ನಡೆಯಿತು.

ಆಳುವವರು ಸುಮ್ಮನಿರಲಿಲ್ಲ. ಅದರ ಮುಂದಿನ ಭಾಗವಾದ ‘ಪಾಲಿ’ಗೆ ರಂಗಭೂಮಿಯಲ್ಲಿ ನಿಷೇಧ ಬಿತ್ತು. 1737ರಲ್ಲಿ ನಾಟಕಗಳಿಗೆಲ್ಲ ಪೂರ್ವಾನುಮತಿ ಬೇಕೆಂಬ ಶಾಸನ ಬಂತು. ಆ ಪದ್ಧತಿ ತೊಲಗಿದ್ದು 1968ರಲ್ಲಿ. ನಗೆಗೆ ಎಷ್ಟು ಹೆದರಿಕೆ ನೋಡಿ!

ಸರಿಯಾಗಿ 200 ವರ್ಷಗಳ ಮೇಲೆ, 1928ರಲ್ಲಿ, ಬರ್ಲಿನ್ನಿನಲ್ಲಿ ಬ್ರೆಕ್ಟ್ ಮತ್ತು ಸಂಗೀತಗಾರ ಕುರ್ಟ್ ವೈಲ್ ಅದೇ ಕಥೆಯನ್ನು ‘ತ್ರೀಪೆನ್ನಿ ಆಪೆರಾ’ ಆಗಿ ಕಟ್ಟಿದರು. ಇಲ್ಲಿ ಪೀಚಮ್ ಭಿಕ್ಷುಕರಿಗೆ ಚಿಂದಿ ಬಟ್ಟೆ, ಊರುಗೋಲು ಒದಗಿಸಿ ಅವರ ಗಳಿಕೆಯಲ್ಲಿ ಪಾಲು ಕೀಳುತ್ತಾನೆ. ಅವನ ಅಂಗಡಿಯಲ್ಲಿ ಕರುಣೆಯೂ ಸರಕೇ. 1933ರಲ್ಲಿ ನಾಜಿಗಳು ಅದನ್ನೂ ನಿಷೇಧಿಸಿದರು.

ಆದರೆ ನಿಷೇಧಕ್ಕಿಂತ ನಯವಾದ ಉಪಾಯವೊಂದಿದೆ. ಆ ನಾಟಕದ ಆರಂಭದಲ್ಲಿ ಕೊಲೆಗಡುಕ ಮ್ಯಾಕಿಯ ಪಾತಕಗಳನ್ನು ಎಣಿಸುವ ಹಾಡಿದೆ. 1959ರಲ್ಲಿ ಬಾಬಿ ಡಾರಿನ್ ಅದನ್ನು ಹಾಡಿದಾಗ ಅಮೆರಿಕದ ಜನ ಕುಣಿದರು. 1980ರ ದಶಕದಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ಅದೇ ಧಾಟಿಯನ್ನು ತನ್ನ ತಿಂಡಿಯ ಜಾಹೀರಾತಿಗೆ ಹಿಡಿಯಿತು. ಲಾಭದ ವ್ಯಾಪಾರವನ್ನು ಅಣಕಿಸಿದ ನಾಟಕದ ಹಾಡೇ ವ್ಯಾಪಾರದ ಕೂಲಿಗೆ ನಿಂತಿತು! ನಾಜಿಗಳು ಬಾಯಿ ಮುಚ್ಚಿಸಿದರು. ಮಾರುಕಟ್ಟೆ ಹಾಡಲು ಬಿಟ್ಟು ಅರ್ಥವನ್ನು ಕಿತ್ತುಕೊಂಡಿತು.

ಆದ್ದರಿಂದ ಬಂಧುಗಳೇ, ಧಾಟಿಗೆ ತಲೆದೂಗುವಾಗ ಮಾತಿಗೂ ಕಿವಿಗೊಡೋಣ. ಬಡವನ ಅಂಗವಿಕಲತೆಗೆ, ಹಳ್ಳಿಗನ ನುಡಿಗೆ ನಮ್ಮನ್ನು ನಗಿಸುವವರು ಬಹಳ ಮಂದಿ. ಆ ನಗೆಯಿಂದ ಯಾರ ಗದ್ದುಗೆಯೂ ಅಲುಗದು. ಪೆಟ್ಟು ಬೀಳುತ್ತಿರುವುದು ಯಾರಿಗೆ, ಹಣ ಸೇರುತ್ತಿರುವುದು ಯಾರ ಪೆಟ್ಟಿಗೆಗೆ ಎಂದು ಮೊದಲು ಕೇಳೋಣ; ಆಮೇಲೆ ಹೊಟ್ಟೆ ತುಂಬ ನಗೋಣ.