ಅಂಡಮಾನಿನ ಕಡಲಾಮೆಯೂ ನಮ್ಮ ಬ್ಯಾಟರಿ ದೀಪವೂ

ಅಂಡಮಾನ್ ಎಂದೊಡನೆ ಹಳಬರಿಗೆ ನೆನಪಾಗುವುದು ಕರಿನೀರಿನ ಶಿಕ್ಷೆ, ಸೆಲ್ಯುಲರ್ ಜೈಲು. ಈಗ ಅದು ಚೆನ್ನೈಯಿಂದ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ ಹೊತ್ತಿನ ಹಾದಿ. ಹಡಗಿನಲ್ಲಿ ಹೋಗುವ ತಾಳ್ಮೆಯಿದ್ದವರಿಗೆ ಮೂರು ದಿನ. ರಜಾ ಬಂದಿತೆಂದರೆ ನಮ್ಮ ಊರುಗಳಿಂದಲೂ ಸಂಸಾರಸಮೇತ ಹೋಗಿಬರುವವರುಂಟು. 2024ರಲ್ಲಿ ಶ್ರೀ ವಿಜಯಪುರವೆಂದು ಹೆಸರು ಬದಲಾದ ಪೋರ್ಟ್ ಬ್ಲೇರಿನಲ್ಲಿ ಇಳಿದು, ಜೈಲು ನೋಡಿ, ಬಿಳಿಯ ಮರಳಿನ ಮೇಲೆ ನಡೆದು, ಚಿತ್ರ ತೆಗೆದುಕೊಂಡು ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮರಳಿಗೆ ಇನ್ನೊಬ್ಬ ಅತಿಥಿಯೂ ಬರುವುದುಂಟು. ಅವಳು ಬರುವುದು ರಾತ್ರಿಯ ಹೊತ್ತು, ಕಡಲಿನ ಕಡೆಯಿಂದ. ಈ ಹೊತ್ತಿನ ಮಾತು ಅವಳನ್ನು ಕುರಿತದ್ದು.

ಉತ್ತರ ಅಂಡಮಾನಿನ ಡಿಗ್ಲಿಪುರದ ಹತ್ತಿರ ಕಾಲೀಪುರವೆಂಬ ಕಡಲತೀರವಿದೆ. ನಮ್ಮ ದೇಶದ ತೀರಗಳಲ್ಲಿ ಮೊಟ್ಟೆಯಿಡುವ ಕಡಲಾಮೆಗಳು ನಾಲ್ಕು ಜಾತಿಯವು: ಆಲಿವ್ ರಿಡ್ಲಿ, ಹಸಿರಾಮೆ, ಗಿಡುಗನ ಕೊಕ್ಕಿನ ಆಮೆ, ತೊಗಲು ಬೆನ್ನಿನ ಆಮೆ. ಈ ನಾಲ್ಕೂ ಬರುವ ತೀರವೆಂದು ಕಾಲೀಪುರಕ್ಕೆ ಹೆಸರು. ಚಳಿಗಾಲದ ತಿಂಗಳುಗಳಲ್ಲಿ ಹೆಣ್ಣಾಮೆ ನೀರಿನಿಂದ ಮೇಲಕ್ಕೆ ಬಂದು, ಅಲೆ ಮುಟ್ಟದ ಎತ್ತರದಲ್ಲಿ ಜಾಗ ನೋಡಿ, ಹಿಂಗಾಲುಗಳಿಂದಲೇ ಹೂಜಿಯಾಕಾರದ ಗುಂಡಿ ತೋಡುತ್ತದೆ. ಹಿಂದಕ್ಕೆ ತಿರುಗಿ ನೋಡದೆಯೆ ಅಷ್ಟು ನಾಜೂಕಾಗಿ ತೋಡುವುದು ಸೋಜಿಗವೇ ಸರಿ. ನೂರರ ಸುಮಾರಿಗೆ ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮತ್ತೆ ಕಡಲಿಗೆ ಹೊರಟುಹೋಗುತ್ತದೆ. ಆಗ ಅದರ ಕಣ್ಣಿನಿಂದ ನೀರು ಸುರಿಯುವುದನ್ನು ಕಂಡವರು ತಾಯಿಯ ಅಳಲೆಂದು ಮರುಗುತ್ತಾರೆ. ಅಳಲಲ್ಲ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಅದು ಕಣ್ಣಿನ ಬಳಿಯ ಗ್ರಂಥಿಗಳಿಂದ ಹೊರಹಾಕುವ ಬಗೆ ಅದು.

ಇವುಗಳಲ್ಲಿ ತೊಗಲು ಬೆನ್ನಿನ ಆಮೆ ಎಲ್ಲಕ್ಕಿಂತ ದೊಡ್ಡದು, ಮುನ್ನೂರು ನಾನೂರು ಕಿಲೋ ತೂಗುವಂಥದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅವರ ಸಂಗಡಿಗರೂ ಕೂಡಿ, 2010ರ ನಂತರದ ವರ್ಷಗಳಲ್ಲಿ ಲಿಟ್ಲ್ ಅಂಡಮಾನ್ ದ್ವೀಪದಲ್ಲಿ ಇಂಥ ಕೆಲವು ಆಮೆಗಳ ಬೆನ್ನಿಗೆ ಉಪಗ್ರಹಕ್ಕೆ ಸುಳಿವು ಕೊಡುವ ಯಂತ್ರ ಕಟ್ಟಿ ಬಿಟ್ಟರು. ಕೆಲವು ಆಸ್ಟ್ರೇಲಿಯಾದ ಪಶ್ಚಿಮ ತೀರದ ಕಡೆಗೆ ಹೋದವು, ಕೆಲವು ಆಫ್ರಿಕಾದ ಮೊಜಾಂಬಿಕ್ ಕಡೆಗೆ. ಹತ್ತು ಸಾವಿರ ಕಿಲೋಮೀಟರಿಗೂ ಮಿಗಿಲಾದ ಪಯಣ! ಇಷ್ಟು ದೂರದ ಪ್ರಾಣಿಗೆ ಬೇಕಾಗಿರುವುದು ಒಂದು ಕತ್ತಲೆಯ ತೀರ, ಒಂದು ಗಂಟೆಯ ನೆಮ್ಮದಿ.

ಅದನ್ನು ಕೆಡಿಸಲು ಕೈಯಲ್ಲಿನ ಒಂದು ಬ್ಯಾಟರಿ ದೀಪ ಸಾಕು. ನೀರಿನಿಂದ ಮೇಲೇರುವ ಹೊತ್ತಿನಲ್ಲಿ ಆಮೆ ಬಹಳ ಅಂಜುಬುರುಕ. ಬೆಳಕು ಬಿದ್ದರೆ, ಎದುರಿಗೆ ಮನುಷ್ಯ ಸುಳಿದರೆ, ಮೊಟ್ಟೆಯಿಡದೆಯೇ ಹಿಂತಿರುಗಬಹುದು. ಮೊಟ್ಟೆಯಿಡತೊಡಗಿದ ಮೇಲೆ ಅಷ್ಟಾಗಿ ಕದಲದು ನಿಜ. ಆದರೆ ಅದನ್ನೇ ಸದರ ಮಾಡಿಕೊಂಡು ಸುತ್ತ ನೆರೆದು ಮೊಬೈಲಿನ ಬೆಳಕು ಹಾಯಿಸುವುದು ಸಭ್ಯತನವಲ್ಲ. ಬಾಣಂತಿಯ ಕೋಣೆಗೆ ಹೀಗೆ ನುಗ್ಗುತ್ತೇವೆಯೆ?

ಮರಿಗಳ ಪಾಡು ಇನ್ನೂ ಸೂಕ್ಷ್ಮ. ಐವತ್ತು ದಿನಗಳ ಆಚೀಚೆಗೆ ಅವು ಮೊಟ್ಟೆಯೊಡೆದು, ಸಾಮಾನ್ಯವಾಗಿ ರಾತ್ರಿಯ ತಂಪಿನಲ್ಲಿ ಮರಳಿನಿಂದ ಮೇಲೆ ಬರುತ್ತವೆ. ದಾರಿ ತೋರುವವರು ಯಾರೂ ಇಲ್ಲ. ಹಿಂದೆ ಕಾಡಿನ ಕಪ್ಪು, ಮುಂದೆ ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ನೀರು. ಎಲ್ಲಿ ಬೆಳಕೋ ಅಲ್ಲಿ ಕಡಲು, ಅವುಗಳ ತಿಳಿವಳಿಕೆ ಅಷ್ಟೆ. ತೀರದ ಹೋಟೆಲಿನವರು ಜಗಲಿಯಲ್ಲಿ ದೀಪ ಉರಿಸಿದರೆ ಮರಿಗಳು ಆ ದೀಪದ ಕಡೆಗೇ ಹೊರಡುತ್ತವೆ. ಬೆಳಗಾಗುವ ಹೊತ್ತಿಗೆ ಕಾಗೆ, ಏಡಿ, ಬಿಸಿಲುಗಳ ಪಾಲು. ಕೊಠಡಿ ಹಿಡಿಯುವಾಗ ನಾವು ಬಿಸಿನೀರುಂಟೆ ಎಂದು ವಿಚಾರಿಸುತ್ತೇವೆ. ಕಡಲ ಕಡೆಯ ದೀಪ ಆರಿಸುವಿರಾ ಎಂದು ಒಂದು ಮಾತು ಕೇಳಿದರೆ ಖರ್ಚೇನೂ ಇಲ್ಲ.

ಇನ್ನೊಂದು ಸಂಗತಿ ಕೇಳಲು ವಿಚಿತ್ರ. ನಾವು ತೀರದಲ್ಲಿ ಬಿಟ್ಟು ಬಂದ ಪೂರಿ ಪಲ್ಯಕ್ಕೂ ಆಮೆಯ ಮೊಟ್ಟೆಗೂ ಸಂಬಂಧವಿದೆ. ಎಸೆದ ಊಟಕ್ಕೆ ನಾಯಿಗಳು ಸೇರುತ್ತವೆ. ಪ್ರವಾಸಿಗಳು ಹೋದ ಮೇಲೆ ಅವೇ ನಾಯಿಗಳು ಮರಳು ಕೆದಕಿ ಗೂಡು ಬರಿದು ಮಾಡುತ್ತವೆ. ಅಂಡಮಾನಿನಲ್ಲಿ ಆಮೆಯ ಗೂಡುಗಳಿಗೆ ದೊಡ್ಡ ಶತ್ರುಗಳಲ್ಲಿ ನಾಯಿಯೂ ಒಂದು. ಪ್ಲಾಸ್ಟಿಕ್ ಚೀಲದ ಕಥೆಯೂ ಅಂಥದೇ. ತೊಗಲು ಬೆನ್ನಿನ ಆಮೆಯ ಆಹಾರ ಜೆಲ್ಲಿ ಮೀನು. ನೀರಿನಲ್ಲಿ ತೇಲುವ ಚೀಲವನ್ನು ಅದೆಂದೇ ತಿಳಿದು ನುಂಗುತ್ತದೆ. ವಂಡೂರಿನ ಬಳಿ 1983ರಲ್ಲಿ ಸ್ಥಾಪನೆಯಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ, ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ಕಿರಿಕಿರಿಯೆಂದು ಗೊಣಗುವವರಿದ್ದಾರೆ, ನನಗಂತೂ ಅದು ಒಳ್ಳೆಯ ಕಟ್ಟಳೆಯೆಂದೇ ತೋರುತ್ತದೆ. ಹವಳದ ತುಂಡನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿನಂತೆ ಅಪರಾಧ. ಇನ್ನು ಅಳಿವೆಗಳ ಬಳಿ ಮೊಸಳೆಯ ಎಚ್ಚರಿಕೆಯ ಫಲಕವಿದ್ದರೆ ನಂಬಿ. ಉಪ್ಪುನೀರಿನ ಮೊಸಳೆ ಕಡಲಿನಲ್ಲೂ ಈಜುತ್ತದೆ.

ಈ ಆಮೆಗಳ ವಿಷಯ ನಮಗೆ ತಿಳಿದದ್ದಾದರೂ ಹೇಗೆ? ಬಹುಮಟ್ಟಿಗೆ ಒಬ್ಬ ನಡಿಗೆಗಾರನಿಂದ. 2023ರಲ್ಲಿ ತೀರಿಕೊಂಡ ಸತೀಶ್ ಭಾಸ್ಕರ್ ಎಂಬವರು 1970ರ ದಶಕದಿಂದ ಮೊದಲುಮಾಡಿ ಈ ದ್ವೀಪಗಳ ತೀರಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿ, ಗೂಡುಗಳ ಲೆಕ್ಕ ಬರೆದಿಟ್ಟರು. ಅವರು 1982ರಲ್ಲಿ ಲಕ್ಷದ್ವೀಪದ ಒಂದು ನಿರ್ಜನ ದ್ವೀಪದಲ್ಲಿ ಮಳೆಗಾಲವೆಲ್ಲ ಒಂಟಿಯಾಗಿದ್ದು ಆಮೆಗಳನ್ನು ನೋಡಿದರು. ಹೆಂಡತಿಗೆ ಕಾಗದ ಬರೆದು ಸೀಸೆಯಲ್ಲಿಟ್ಟು ಕಡಲಿಗೆ ಎಸೆದರಂತೆ; ಅದು ಶ್ರೀಲಂಕಾದ ಮೀನುಗಾರನೊಬ್ಬನಿಗೆ ಸಿಕ್ಕಿ, ಆತ ಅದನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟ. ಆಮೆಗಳ ದಾರಿಯಲ್ಲೇ ಕಾಗದವೂ ಹೋಯಿತೆನ್ನಿ.

ಕಾಲೀಪುರಕ್ಕೆ ಪೋರ್ಟ್ ಬ್ಲೇರಿನಿಂದ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರು. ದಾರಿ ಜಾರವಾ ಜನರ ಮೀಸಲು ಕಾಡಿನ ನಡುವೆ ಹಾಯುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದಾಗಲಿ ಚಿತ್ರ ತೆಗೆಯುವುದಾಗಲಿ ನಿಷಿದ್ಧ, ಇರಬೇಕಾದದ್ದೂ ಹಾಗೆಯೇ. ತಲುಪಿದ ಮೇಲೆ ಮೊದಲು ಅರಣ್ಯ ಇಲಾಖೆಯವರನ್ನು ಕಾಣಿ. ಅವರು ಮೊಟ್ಟೆಗಳನ್ನು ಬೇಲಿಯೊಳಗೆ ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವುದನ್ನು ದೂರ ನಿಂತು ನೋಡಬಹುದು. ರಾತ್ರಿಯ ನಡಿಗೆಗೆ ಅವರ ಒಪ್ಪಿಗೆ ದೊರೆತರೆ ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿ, ಕಪ್ಪು ಬಟ್ಟೆ ತೊಟ್ಟು, ಆಮೆಯ ಹಿಂದೆ ನಿಲ್ಲಿ. ಆಮೆ ಬಾರದೆಯೂ ಇರಬಹುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿರುವುದು ಮೇಲು.

ಅಷ್ಟು ದೂರ ಹೋಗಲಾಗದವರೂ ನಿರಾಶರಾಗಬೇಕಿಲ್ಲ. ಆಲಿವ್ ರಿಡ್ಲಿ ಹೊನ್ನಾವರ, ಕುಂದಾಪುರಗಳ ಮರಳಿಗೂ ಚಳಿಗಾಲದಲ್ಲಿ ಬರುವುದುಂಟು. ಅಲ್ಲಿಯೂ ಗೂಡಿನ ಸುತ್ತ ಬಲೆ ಕಟ್ಟಿ, ಮೀನುಗಾರರ ನೆರವಿನಿಂದ ಕಾಯುತ್ತಾರೆ.